ನಗರಕ್ಕೆ ದೀಪ, ಕೂಲಿಗೆ ಗುಳೆ!

ಕನ್ನಡದ ಯುವಕ ಯುವತಿಯರೇ,

ನಿಮ್ಮ ಆಫೀಸಿನ ಗೋಡೆಯ ಮೇಲೆ 'ಹಸಿರು ವಿದ್ಯುತ್' ಎಂಬ ಬೋರ್ಡಿದೆಯೇ? ಹಾಗಾದರೆ ಪಾವಗಡದ ಲೆಕ್ಕ ಕೇಳಿ.

ತುಮಕೂರು ಜಿಲ್ಲೆಯ ಈ ಬರದ ಸೀಮೆಯಲ್ಲಿ, ಐದು ಹಳ್ಳಿಗಳ ಸುಮಾರು 13,000 ಎಕರೆಯ ಸೌರ ಪಾರ್ಕು 2018ರಲ್ಲಿ ಉದ್ಘಾಟನೆಯಾಯಿತು. ಸಾಮರ್ಥ್ಯ 2,050 ಮೆಗಾವ್ಯಾಟ್. ಭೂಮಿ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತ ರೈತನಿಗೆ ಇದು ಆಸರೆ. ಒಪ್ಪೋಣ.

ಆದರೆ ತುಂಡು ನೆಲವೂ ಇಲ್ಲದವನ ಗತಿ? ಹೊಲದ ಕೂಲಿ ಹೋಯಿತು, ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಬಾಡಿಗೆಯಲ್ಲಿ ಅವನಿಗೆ ಬಿಡಿಗಾಸಿಲ್ಲ. ಉಳಿದದ್ದು ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ. ಅದೂ ಕೆಲವರಿಗೆ ಮಾತ್ರ.

ನಾನು ಪ್ರೆಸ್ಸಿನವನು. ಕರೆಂಟು ಹೋದರೆ ನನ್ನ ಯಂತ್ರವೂ ನಿಲ್ಲುತ್ತದೆ. ಕಲ್ಲಿದ್ದಲ ಹೊಗೆಗಿಂತ ಬಿಸಿಲಿನ ವಿದ್ಯುತ್ ಸಾವಿರ ಪಾಲು ಮೇಲು. ಆದರೆ ಭೂಮಿಯಿದ್ದವನಿಗೆ ಬಾಡಿಗೆ, ಕಂಪನಿಗೆ ಲಾಭ, ನಗರಕ್ಕೆ ದೀಪ, ಕೂಲಿಯವನಿಗೆ ಗುಳೆ ಎಂದರೆ ಇದೆಂಥ ಸುಸ್ಥಿರ ಅಭಿವೃದ್ಧಿ?

ಮಾರಾಟವಾಗುವ ಪ್ರತಿ ಯೂನಿಟ್ಟಿನಲ್ಲೂ ಭೂಹೀನರಿಗೆ ಪಾಲು ಸಿಗುವಂತೆ ಕಾನೂನಾಗಲಿ. ಮುಂದಿನ ಪಾರ್ಕಿಗೆ ಸಹಿ ಬೀಳುವ ಮೊದಲೇ ಇದನ್ನು ಕೇಳಿ. ಬೇಲಿ ಬಿದ್ದ ಮೇಲೆ ಕೂಗಿ ಫಲವಿಲ್ಲ!