ನೀರುಚಿಗಟ: ಒಂದೇ ಹೆಸರು ಸಾಲದು

ಪಾರಿಭಾಷಿಕ ಪದಗಳ ಚರ್ಚೆ ಬಂದಾಗ, ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದ ಒಂದು ಪದವನ್ನು ಹೊಂದಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ಐಚ್ಛಿಕ ಕನ್ನಡದ ತರಗತಿಗಳಲ್ಲಿಯೂ ಇದೆ. ಈ ಭಾವನೆ ಎಷ್ಟು ದುರ್ಬಲವೆಂಬುದಕ್ಕೆ 'ನೀರುಚಿಗಟ' ಎಂಬ ಪದವೇ ನಿದರ್ಶನ. ಈ ಜೀವಿ ಚಿಗಟವಲ್ಲ, ಕೀಟವೂ ಅಲ್ಲ. ಸಿಗಡಿ, ಏಡಿಗಳ ದೂರದ ಬಂಧು. ಕವಲೊಡೆದ ಕುಡಿಮೀಸೆಗಳನ್ನು ಬೀಸಿ ಕುಪ್ಪಳಿಸುತ್ತ ಈಜುವ ಇದನ್ನು ಹಾಲೆಂಡಿನ ಸ್ವಾಮರ್‌ಡಾಮ್ 1669ರಲ್ಲಿ ಚಿಗಟಕ್ಕೆ ಹೋಲಿಸಿದನು. ಉಪಮೆ ಹೆಸರಾಗಿ ನಿಂತಿತು.

ಉಪಮೆ ಹೆಸರಾಗುವುದು ದೋಷವಲ್ಲ. ಒಂದೇ ಹೆಸರಿನಡಿ ಬೇರೆ ಬೇರೆ ಜೀವಿಗಳು ಬೆರೆತುಹೋಗುವುದು ದೋಷ. ನಾರುಹುಣ್ಣನ್ನು ಹರಡುತ್ತಿದ್ದ ಸೈಕ್ಲಾಪ್ಸನ್ನೂ ಜನಪ್ರಿಯ ಬರಹಗಳಲ್ಲಿ ನೀರುಚಿಗಟವೆಂದು ಕರೆಯುವುದುಂಟು. ಕರ್ನಾಟಕ, ಆಂಧ್ರ, ಮಹಾರಾಷ್ಟ್ರ, ತಮಿಳುನಾಡುಗಳೂ ಸೇರಿದಂತೆ ಏಳು ರಾಜ್ಯಗಳನ್ನು ಕಾಡಿದ ಆ ರೋಗದಿಂದ ಭಾರತ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಪ್ರಮಾಣೀಕರಿಸಿತು. ರೋಗ ತೊಲಗಿದರೂ ನಿರಪರಾಧಿಯ ಮೇಲಿನ ಆರೋಪ ಉಳಿದಿದೆ! ಸೈಕ್ಲಾಪ್ಸಿನ ಹೆಣ್ಣು ತನ್ನ ಮೊಟ್ಟೆಗಳನ್ನು ಬಾಲದ ಇಬ್ಬದಿಯ ಎರಡು ಚೀಲಗಳಲ್ಲಿ ಹೊರಗೆ ಹೊರುತ್ತದೆ. ನೀರುಚಿಗಟವಾದರೋ ಬೆನ್ನಿನ ಕಡೆ, ಚಿಪ್ಪಿನ ಒಳಗೆ ಇಟ್ಟುಕೊಳ್ಳುತ್ತದೆ. ಸಾಮಾನ್ಯ ಮಸೂರದಲ್ಲಿಯೂ ಕಾಣುವ ವ್ಯತ್ಯಾಸವಿದು.

ನೀರುಚಿಗಟಗಳಲ್ಲಿಯೇ ಎಷ್ಟು ಬಗೆ! 2008ರ ಜಾಗತಿಕ ಸಮೀಕ್ಷೆಯೊಂದು ಸುಮಾರು 620 ಪ್ರಭೇದಗಳನ್ನು ಎಣಿಸಿ, ನಿಜಸಂಖ್ಯೆ ಇನ್ನೂ ಬಹಳ ಹೆಚ್ಚಿರಬಹುದೆಂದು ಹೇಳಿತು. ಪಠ್ಯಪುಸ್ತಕಗಳು ಚಿತ್ರಿಸುವ ಡಾಫ್ನಿಯಾ ತಂಪು ನಾಡುಗಳ ಕೊಳಗಳಲ್ಲಿ ಮೆರೆಯುವಂಥದು. ದಕ್ಷಿಣದ ಬೆಚ್ಚನೆಯ ಕೊಳಗಳಲ್ಲಿ ಹೆಚ್ಚಾಗಿ ಎದುರಾಗುವುವು ಮೊಯಿನಾ, ಸೆರಿಯೊಡಾಫ್ನಿಯ, ಡಯಾಫನೊಸೋಮ, ಸೈಮೊಸೆಫಾಲಸ್, ಕೈಡೋರಸ್, ಅಲೋನ ಮೊದಲಾದ ಕುಲಗಳು. ಡಯಾಫನೊಸೋಮದ ಕುಡಿಮೀಸೆ ದೇಹಕ್ಕೆ ಮೀರಿದ ಹುಟ್ಟಿನಂತೆ ದೊಡ್ಡದು, ಮೈ ಗಾಜಿನಂತೆ ಪಾರದರ್ಶಕ. ಸೈಮೊಸೆಫಾಲಸ್ ಬೆನ್ನಿನಿಂದ ಜಲಸಸ್ಯಕ್ಕೆ ಅಂಟಿಕೊಂಡು ತಲೆಕೆಳಗಾಗಿ ತೂಗುತ್ತದೆ. ಕೈಡೋರಸ್ ಗುಂಡಗಿನ ಮೈಯ, ಕೊಕ್ಕಿನಂತಹ ಮೂತಿಯ ಪುಟ್ಟ ಜೀವಿ. ಇದರ ಬಂಧುಗಳನ್ನು ಒಂದರಿಂದೊಂದು ಬೇರ್ಪಡಿಸಬೇಕಾದರೆ ಒಡಲಿನ ಹಿಂತುದಿಯ ಆಕಾರವನ್ನೂ ಅದರ ಅಂಚಿನ ಹಲ್ಲುಗಳನ್ನೂ ಉಗುರನ್ನೂ ನೋಡಲೇಬೇಕು. ಪದದ ಕಾರಕಸಂಬಂಧ ವಿಭಕ್ತಿಪ್ರತ್ಯಯದಲ್ಲಿ ತಿಳಿಯುವಂತೆ ಇಲ್ಲಿಯೂ ನಿರ್ಣಯ ತುದಿಯಲ್ಲಿದೆ.

ವ್ಯಾಕರಣ ಓದಿದವರಿಗೆ ಈ ಕ್ರಮ ಅಪರಿಚಿತವಲ್ಲ. ಆದುದರಿಂದಲೇ ಈ ಕೆಲಸವನ್ನು ಪ್ರಾಣಿಶಾಸ್ತ್ರದವರಿಗಷ್ಟೇ ಬಿಡುವುದು ಸರಿಯಲ್ಲ. 1988ರಲ್ಲಿ ಮೈಕೆಲ್ ಮತ್ತು ಶರ್ಮ ಅವರು ಭಾರತದ ನೀರುಚಿಗಟಗಳ ಕುರಿತು ರಚಿಸಿದ ಗ್ರಂಥ ಇಂಗ್ಲಿಷಿನಲ್ಲಿದೆ. ಬಿ.ಜಿ.ಎಲ್. ಸ್ವಾಮಿಯವರು 'ಹಸುರು ಹೊನ್ನು' ಕೃತಿಯಲ್ಲಿ ಗಿಡಮರಗಳ ಗುರುತನ್ನು ಕನ್ನಡದ ಗದ್ಯಕ್ಕೆ ಒಗ್ಗಿಸಿದರು. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳಿಗೆ ಆ ಉಪಕಾರ ಮಾಡಿದರು. ಕೊಳದ ಸೂಕ್ಷ್ಮಜೀವಿಗಳಿಗೆ ಒದಗಿದ ಕನ್ನಡ ಬಹಳ ಕಡಿಮೆ. ಕುಲನಾಮಗಳಿಗೆ ಸಂಸ್ಕೃತದಿಂದ ಹೊಸ ಪದ ಟಂಕಿಸುವ ಉತ್ಸಾಹ ಇಲ್ಲಿ ಬೇಡ. ಅವು ಇದ್ದಂತೆಯೇ ಇರಲಿ. ಕನ್ನಡವಾಗಬೇಕಾದುದು ವರ್ಣನೆ: ಚಿಪ್ಪು, ಕೊಕ್ಕು, ಮುಳ್ಳು, ಹಲ್ಲು, ಉಗುರು. ಬಹುಮಟ್ಟಿಗೆ ಪದಗಳು ಸಿದ್ಧವಾಗಿಯೇ ಇವೆ.

ಕಾಸರಗೋಡಿನ ಕನ್ನಡಿಗರಿಗೆ ಇದರಲ್ಲಿ ವಿಶೇಷ ಹೊಣೆಯಿದೆ. ಮುರಕಲ್ಲ ಪಾರೆಯ ಮೇಲೆ ಮಳೆಗೆ ತುಂಬಿ ಬೇಸಗೆಗೆ ಬತ್ತುವ ಪಳ್ಳ ಬೇರೆ, ಕಟ್ಟೆ ಕಟ್ಟಿ ನೀರು ನಿಲ್ಲಿಸಿದ ಮದಕ ಬೇರೆ ಎಂದು ನೀರಿನ ನೆಲೆಗಳನ್ನೇ ವಿಂಗಡಿಸಿ ಹೆಸರಿಟ್ಟ ಜನ, ಅದರೊಳಗಿನ ಜೀವಿಗಳಿಗೆ ಒಂದೇ ಹೆಸರು ಸಾಕೆನ್ನುವುದು ಒಪ್ಪುವ ಮಾತಲ್ಲ. ನೀರು ಬತ್ತುವ ಸೂಚನೆ ದೊರೆತಾಗ ಹಲವು ಕುಲಗಳ ಹೆಣ್ಣುಗಳು, ಅದುವರೆಗೆ ಗಂಡಿಲ್ಲದೆಯೇ ಸಂತತಿ ಬೆಳೆಸುತ್ತಿದ್ದವು, ಗಂಡುಗಳನ್ನು ಹುಟ್ಟಿಸಿ, ಕೂಡಿ, ಕುದುರೆಯ ಜೀನಿನಾಕಾರದ ಗಟ್ಟಿ ಕವಚದೊಳಗೆ ಮೊಟ್ಟೆಯಿಟ್ಟು ಕೆಸರಿಗೆ ಒಪ್ಪಿಸುತ್ತವೆ. ದಶಕಗಳ ಕಾಲ ಕೆಸರಿನಲ್ಲಿ ಮಲಗಿದ್ದ ಇಂತಹ ಮೊಟ್ಟೆಗಳನ್ನು ವಿಜ್ಞಾನಿಗಳು ಮರಿಮಾಡಿಸಿದ್ದಾರೆ. ಬೇಸಗೆಯಲ್ಲಿ ಒಣಗಿದ ಪಳ್ಳವನ್ನು ಪಾಳುಗುಂಡಿಯೆಂದು ಬಗೆದು ಮಣ್ಣು ತುಂಬಿಸುವವರಿಗೆ ತಾವು ಏನನ್ನು ಮುಚ್ಚುತ್ತಿದ್ದೇವೆಂಬುದು ತಿಳಿಯದು. ಅದನ್ನು ಅವರ ಭಾಷೆಯಲ್ಲಿ ಬರೆದಿಟ್ಟವರು ಬೇಕಲ್ಲ!

ಕನ್ನಡ ಮತ್ತು ಪ್ರಾಣಿಶಾಸ್ತ್ರ ವಿಭಾಗಗಳು ಜೊತೆಗೂಡಿದರೆ ಸಾಕು. ಮಳೆಗಾಲದಲ್ಲಿ ಪಳ್ಳ ತುಂಬಿದ ಎರಡು ಮೂರು ವಾರಗಳಲ್ಲಿ ನಯವಾದ ಬಟ್ಟೆಯ ಬಲೆಯಿಂದ ನೀರನ್ನು ಸೋಸಿ, ಸೂಕ್ಷ್ಮದರ್ಶಕದಡಿ ಇಟ್ಟು, ತಲಾ ಒಂದು ಕುಲದ ಲಕ್ಷಣವನ್ನು ವಿದ್ಯಾರ್ಥಿಗಳು ಬರೆಯಬಹುದು. ಆ ವರ್ಣನೆಯನ್ನಷ್ಟೇ ಓದಿದ ಮತ್ತೊಬ್ಬ ವಿದ್ಯಾರ್ಥಿ ಅದೇ ಜೀವಿಯನ್ನು ಬೇರೊಂದು ಪಳ್ಳದ ನೀರಿನಲ್ಲಿ ಗುರುತಿಸಿದರೆ ಆ ಬರಹ ತೇರ್ಗಡೆಯಾದಂತೆ.