ತಾಯಿಯೊಬ್ಬಳಿಗೇ ಹೇಳಿದರೆ ಸಾಲದು

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಲಿಯುವ ಕಾಲ ಬಂತೆಂದರೆ ಅಂಗನವಾಡಿಯ ತಾಯಂದಿರ ಸಭೆಗೆ ಬರುವವರು ಕಡಿಮೆಯಾಗುತ್ತಾರೆ. ಕಾರಣ ಸರಳವಾದುದು. ಸುಲಿದಷ್ಟಕ್ಕೆ ಕೂಲಿ, ಸಭೆಯಲ್ಲಿ ಕುಳಿತ ಎರಡು ತಾಸಿಗೆ ಕೂಲಿಯಿಲ್ಲ. ಮಕ್ಕಳನ್ನು ಹೊಡೆಯದೆ, ಹೆದರಿಸದೆ, ಮಾತು ಮತ್ತು ಆಟಗಳ ಮೂಲಕ ಬೆಳೆಸುವ ಬಗೆಯನ್ನು ತಿಳಿಸುವ ಕಾರ್ಯಕ್ರಮಗಳು ಈಗ ನಮ್ಮ ಹಳ್ಳಿಗಳವರೆಗೂ ಬಂದಿವೆ. ‘ಸಕಾರಾತ್ಮಕ ಪಾಲನೆ’ ಎಂಬುದು ಅದಕ್ಕಿಟ್ಟ ಹೆಸರು. ನಾವು ಅದನ್ನು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಆರೋಗ್ಯ ಶಿಬಿರಗಳ ನಿಮಿತ್ತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಸಂಚರಿಸುವಾಗ ಬಡ ತಾಯಂದಿರ ಬಾಯಿಂದ ಕೇಳಿದ್ದನ್ನು ಭಕ್ತರ ಮುಂದಿಡದೆ ಸುಮ್ಮನಿರುವುದು ನಮ್ಮಿಂದಾಗದು.

ಈ ಕಾರ್ಯಕ್ರಮಗಳ ಹಿಂದಿರುವ ತಿಳಿವಳಿಕೆ ಗಟ್ಟಿಯಾದುದು. ಹುಟ್ಟಿದಂದಿನಿಂದ ಮೂರು ವರ್ಷಗಳ ಅವಧಿಯಲ್ಲಿ ಮಗುವಿನ ಮಿದುಳು ಅತ್ಯಂತ ವೇಗವಾಗಿ ಬೆಳೆಯುತ್ತದೆ. ಆಗ ಆಹಾರದಷ್ಟೇ ಮಾತೂ ಬೇಕು, ನಗುವೂ ಬೇಕು. ಆಶಾ ಕಾರ್ಯಕರ್ತೆಯರು ಮಗುವಿಗೆ 3, 6, 9, 12 ಮತ್ತು 15 ತಿಂಗಳಾದಾಗ ಮನೆಗೇ ಹೋಗಿ ವಿಚಾರಿಸುವ ವ್ಯವಸ್ಥೆಯನ್ನು ದೇಶದಲ್ಲಿ 2018ರಲ್ಲಿ ರೂಪಿಸಲಾಯಿತು. ಮೂರು ವರ್ಷದೊಳಗಿನ ಮಕ್ಕಳಿಗಾಗಿ ಕೇಂದ್ರ ಸರಕಾರವು 2024ರಲ್ಲಿ ಹೊರತಂದ ‘ನವಚೇತನ’ದಲ್ಲಿ 140 ಚಟುವಟಿಕೆಗಳಿವೆ. ಶಾಲೆಯಲ್ಲಿ ಮಕ್ಕಳನ್ನು ದಂಡಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯೇ ನಿಷೇಧಿಸಿದೆ. ಈ ಸಾಲುಗಳನ್ನು ಬರೆಯುವ ನಾವು ಬೆತ್ತದ ಏಟು ತಿಂದೇ ಅಕ್ಷರ ಕಲಿತವರು. ಅದರಿಂದ ಅಕ್ಷರ ಚೆನ್ನಾಗಿ ಬಂತೆಂದು ಹೇಳಲಾರೆವು.

ಹೊನ್ನಾಳಿ ಕಡೆಯ ಒಬ್ಬ ತಾಯಿ ನಮ್ಮೊಡನೆ ಹೀಗೆಂದರು: “ಹೊಡೀಬಾರ್ದು ಅಂತ ನಮಗೂ ಗೊತ್ತೈತ್ರಿ. ನಾಟಿ ಮುಗಿಸಿ ಮನಿಗೆ ಬಂದ್ರೆ ನೀರು, ಒಲೆ, ದನ. ಆಗ ಹುಡುಗ ಹಟ ಹಿಡಿದ್ರೆ ಕೈ ತಾನೇ ಏಳ್ತೈತಿ. ಹೊಡೀಲಿಲ್ಲ ಅಂದ್ರೆ ಅತ್ತೆ, ನೀನೇ ಕೆಡಿಸಿದಿ ಅಂತಾರೆ.” ಈ ಮಾತನ್ನು ನಾವು ಬಹಳ ದಿನ ಮರೆಯಲಿಲ್ಲ. ಆ ತಾಯಿಗೆ ಬೇಕಾದುದು ಇನ್ನೊಂದು ಉಪದೇಶವಲ್ಲ. ಸಂಜೆಯ ಹೊತ್ತಿಗೆ ಮಗುವನ್ನು ಅರ್ಧ ತಾಸು ಎತ್ತಿಕೊಳ್ಳುವ ಇನ್ನೊಂದು ಕೈ. ಸಭೆಗೆ ಆಕೆಯನ್ನು ಕರೆದರು, ಅತ್ತೆಯನ್ನು ಕರೆಯಲಿಲ್ಲ, ಗಂಡನನ್ನಂತೂ ಯಾರೂ ನೆನೆಯಲಿಲ್ಲ. ಹೊಸದನ್ನು ಕಲಿತು ಮನೆಗೆ ಬಂದವಳು ಅಲ್ಲಿ ಒಂಟಿಯಾದಳು. ಅದರ ಮೇಲೆ ‘ನಾನು ಒಳ್ಳೆಯ ತಾಯಿಯಲ್ಲ’ವೆಂಬ ಕೊರಗೂ ಸೇರಿಕೊಂಡಿತು.

ಜಗಳೂರಿನ ಕಥೆ ಬೇರೆ. ಮಳೆ ಕೈಕೊಟ್ಟ ವರ್ಷ ದುಡಿಯುವ ದಂಪತಿಗಳು ಬೆಂಗಳೂರಿಗೋ ಕಾಫಿ ಸೀಮೆಗೋ ಹೊರಡುತ್ತಾರೆ. ಮಗು ಅಜ್ಜಿಯ ಮಡಿಲಲ್ಲಿ ಉಳಿಯುತ್ತದೆ. ತರಬೇತಿ ಪಡೆದವಳು ಒಂದು ಕಡೆ, ಮಗು ಇನ್ನೊಂದು ಕಡೆ! ಇನ್ನು ನ್ಯಾಮತಿಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಕನ್ನಡದ ಚಿತ್ರಪಟ ತೋರಿಸಿ ‘ಮಗುವಿನೊಡನೆ ಹೀಗೆ ಮಾತಾಡಿ’ ಎಂದಾಗ ಅಲ್ಲಿಯ ತಾಯಂದಿರು ನಾಚಿ ಸುಮ್ಮನಾಗುತ್ತಾರೆ. ತಮ್ಮ ನುಡಿಯ ಜೋಗುಳ ಮತ್ತು ಕಥೆಗಳೇ ಮಗುವಿನ ಮಿದುಳಿಗೆ ಬೇಕಾದ ಆಹಾರವೆಂದು ಅವರಿಗೆ ಯಾರಾದರೂ ಹೇಳಬೇಕಿತ್ತು.

ಬಡವರ ನಡುವೆ ಇಂಥ ಕಾರ್ಯ ಫಲಿಸುವುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ದೂರದ ಜಮೈಕಾ ದೇಶದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ 1986–87ರಲ್ಲಿ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಆಯ್ದರು. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಮನೆಗೆ ಆರೋಗ್ಯ ಸಹಾಯಕಿಯೊಬ್ಬಳು ವಾರಕ್ಕೊಮ್ಮೆ ಹೋಗಿ, ಒಂದು ತಾಸು ಕುಳಿತು, ಮನೆಯಲ್ಲೇ ಸಿಗುವ ಸಾಮಾನಿನಿಂದ ಮಾಡಿದ ಆಟಿಕೆಗಳೊಡನೆ ತಾಯಿ-ಮಗುವನ್ನು ಆಡಿಸಿದಳು. ಹೀಗೆ ಎರಡು ವರ್ಷ ನಡೆಯಿತು. 20 ವರ್ಷಗಳ ಬಳಿಕ ಆ ಮಕ್ಕಳ ಗಳಿಕೆ ಉಳಿದವರಿಗಿಂತ ಶೇಕಡ 25ರಷ್ಟು ಹೆಚ್ಚಿತ್ತೆಂದು 2014ರಲ್ಲಿ ಪ್ರಕಟವಾಯಿತು. ಅಲ್ಲಿ ತಾಯಿ ಕೂಲಿ ಬಿಟ್ಟು ಸಭೆಗೆ ಹೋಗಲಿಲ್ಲ. ತಿಳಿವಳಿಕೆಯೇ ಅವಳ ಹೊಸ್ತಿಲಿಗೆ ಬಂತು.

ನಮ್ಮ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಈಗಿರುವ ದಾಖಲಾತಿಯ ಹೊರೆಯಲ್ಲಿ ವಾರಕ್ಕೊಂದು ಭೇಟಿ ಸುಲಭವಲ್ಲ. ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳು ನಡೆಸುವ ‘ಕೂಸಿನ ಮನೆ’ಗಳನ್ನು ಚೆನ್ನಾಗಿ ನಡೆಸಿದರೆ ತಾಯಿಗೆ ಸ್ವಲ್ಪ ಉಸಿರಾಡಲು ಬಿಡುವಾದೀತು. ಉಳಿದುದು ನಮ್ಮ ಕೈಯಲ್ಲಿದೆ. ಈ ಪತ್ರಿಕೆಯನ್ನು ಓದುವವರಲ್ಲಿ ಅಡಿಕೆ ತೋಟದವರೂ ಖೇಣಿದಾರರೂ ಇದ್ದೀರಿ. ಸುಲಿತದ ದಿನಗಳಲ್ಲಿ ತಿಂಗಳಿಗೆ ಒಂದು ತಾಸನ್ನು, ಕೂಲಿ ಕಡಿಯದೆ, ಆ ತಾಯಂದಿರಿಗೆ ಬಿಟ್ಟುಕೊಡಿ. ಅಂಗನವಾಡಿ ಕಾರ್ಯಕರ್ತೆಯನ್ನು ನಿಮ್ಮ ಕಣಕ್ಕೇ ಕರೆಯಿರಿ. ಕತ್ತಿಗಳಿಂದ ದೂರ, ನೆರಳಿನಲ್ಲಿ, ಮಕ್ಕಳಿಗೊಂದು ಜಾಗ ಮಾಡಿಕೊಡಿ. ಸೋಮವಾರ ಎತ್ತು ಹೂಡದ ಪದ್ಧತಿ ಇನ್ನೂ ಉಳಿದಿರುವ ಊರುಗಳಲ್ಲಿ ಅಂದಿನ ಸಂಜೆ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಗಂಡಸರೂ ಅಜ್ಜ-ಅಜ್ಜಿಯರೂ ಹೇಗೂ ಸೇರಿರುತ್ತಾರೆ. ಮುಂದಿನ ಸಭೆಯನ್ನು ಅಲ್ಲಿಯೇ ಕರೆಯೋಣ.