ಕಾರ್ಡ್ ನಮ್ಮದು, ಕೀಲಿಕೈ ಬೇರೆಯವರದು

ಮದುವೆಮನೆಯ ಫೋಟೊಗ್ರಾಫರ್ ಕ್ಯಾಮೆರಾದಿಂದ 64 ಜಿಬಿ ಮೆಮೊರಿ ಕಾರ್ಡ್ ತೆಗೆದು ಲಿನಕ್ಸ್ ಇರುವ ಲ್ಯಾಪ್‌ಟಾಪಿಗೆ ಹಾಕುತ್ತಾನೆ. ಫೋಟೊಗಳ ಬದಲು ಪರದೆಯ ಮೇಲೆ ಒಂದು ಸಾಲು: 'ಎಕ್ಸ್‌ಫ್ಯಾಟ್' ಎಂಬ ಫೈಲ್ ಸಿಸ್ಟಮ್ ಗೊತ್ತಿಲ್ಲ. ಹಳೆಯ 32 ಜಿಬಿ ಕಾರ್ಡ್ ಅದೇ ಲ್ಯಾಪ್‌ಟಾಪಿನಲ್ಲಿ ತಕ್ಷಣ ತೆರೆದುಕೊಳ್ಳುತ್ತದೆ. ಹತ್ತು-ಹನ್ನೆರಡು ವರ್ಷಗಳ ಹಿಂದೆ ಮುಕ್ತ ತಂತ್ರಾಂಶ ನಂಬಿದವರಿಗೆಲ್ಲ ಇದು ಪರಿಚಿತ ಸಂಕಟ.

ಕೆಟ್ಟದ್ದು ಕಾರ್ಡೂ ಅಲ್ಲ, ಲಿನಕ್ಸೂ ಅಲ್ಲ.

ಹಳೆಯ 32 ಜಿಬಿ ಕಾರ್ಡ್ ಬಳಸುವ ಫ್ಯಾಟ್32 ಫೈಲ್ ಸಿಸ್ಟಮ್‌ನಲ್ಲಿ ಒಂದು ಕಡತ 4 ಜಿಬಿ ದಾಟುವಂತಿಲ್ಲ. ವಿಡಿಯೊ ತೆಗೆಯುವವರಿಗೆ ಅದು ಸಾಲದು. ಹಾಗಾಗಿ 2009ರಲ್ಲಿ ಬಂದ, ಎಸ್‌ಡಿ ಮೆಮೊರಿ ಕಾರ್ಡ್‌ಗಳ ಎಸ್‌ಡಿಎಕ್ಸ್‌ಸಿ ಮಾನದಂಡ, 32 ಜಿಬಿ ಮೀರಿದ ಕಾರ್ಡ್‌ಗಳಿಗೆ ಎಕ್ಸ್‌ಫ್ಯಾಟ್ ಅನ್ನೇ ಕಡ್ಡಾಯ ಮಾಡಿತು. ಆದರೆ ಎಕ್ಸ್‌ಫ್ಯಾಟ್ ಮೈಕ್ರೋಸಾಫ್ಟ್‌ನ ಪೇಟೆಂಟ್ ಸ್ವತ್ತು. ಇಂಥ ಕಾರ್ಡ್ ಬಳಸುವ ಎಲ್ಲ ಕ್ಯಾಮೆರಾಗಳಿಗೂ ಅನ್ವಯಿಸುವ ನಿಯಮವನ್ನು ಒಂದೇ ಕಂಪನಿಯ ಪರವಾನಗಿಗೆ ಕಟ್ಟಿಹಾಕಿದ್ದು ದೊಡ್ಡ ತಪ್ಪು. ಅದೇ ವರ್ಷ, ಲಿನಕ್ಸ್ ಬಳಸುತ್ತಿದ್ದ ಜಿಪಿಎಸ್ ಕಂಪನಿ ಟಾಮ್‌ಟಾಮ್ ಮೇಲೆ ಮೈಕ್ರೋಸಾಫ್ಟ್ ಹೂಡಿದ ದಾವೆಯಲ್ಲಿ ಹಳೆಯ ಫ್ಯಾಟ್‌ನ ಪೇಟೆಂಟ್‌ಗಳೂ ಇದ್ದವು. ಎಕ್ಸ್‌ಫ್ಯಾಟ್ ಸೇರಿಸಿಕೊಳ್ಳಲು ಲಿನಕ್ಸ್‌ನವರು ಹೆದರಿದ್ದಕ್ಕೆ ಕಾರಣವಿತ್ತು.

ಸ್ವಯಂಸೇವಕರು ಸುಮ್ಮನೆ ಕೂರಲಿಲ್ಲ. ಎಕ್ಸ್‌ಫ್ಯಾಟ್‌ನ ವಿನ್ಯಾಸ ದಾಖಲೆ ಕೈಯಲ್ಲಿಲ್ಲದಿದ್ದರೂ ಕಾರ್ಡ್‌ನೊಳಗಿನ ಬೈಟುಗಳನ್ನು ಕೆದಕಿ, ವಿನ್ಯಾಸವನ್ನು ಊಹಿಸಿ, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹೊರಗೆ ಓಡುವ ಚಾಲಕ ತಂತ್ರಾಂಶ ಬರೆದರು. ಉಬುಂಟು ಎಂಬ ಲಿನಕ್ಸ್ ಆವೃತ್ತಿಯ ಬಳಕೆದಾರರು ಒಂದು ಪ್ಯಾಕೇಜ್ ಹಾಕಿಕೊಂಡರೆ ಕೆಲಸ ನಡೆಯುತ್ತಿತ್ತು. ಫೆಡೋರಾ ಎಂಬ ಇನ್ನೊಂದು ಆವೃತ್ತಿ ಮಾತ್ರ ಪೇಟೆಂಟ್ ಭಯದಿಂದ ಅದನ್ನು ತನ್ನ ಭಂಡಾರಕ್ಕೆ ಸೇರಿಸಿಕೊಳ್ಳದೆ ದೂರವೇ ಉಳಿಯಿತು. ಸ್ವಯಂಸೇವಕರ ಶ್ರಮಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಆದರೆ ಮೈಕ್ರೋಸಾಫ್ಟ್ ಆ ಒಂದು ದಾಖಲೆ ಬಿಚ್ಚಿಟ್ಟಿದ್ದರೆ ಆ ಶ್ರಮವೇ ಬೇಕಿರಲಿಲ್ಲ ಎಂಬುದು ಮನಸ್ಸು ಕಲಕುವ ಸಂಗತಿ.

2019ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಆ ದಾಖಲೆಯನ್ನು ಬಿಚ್ಚಿಟ್ಟಿತು, ಲಿನಕ್ಸ್‌ಗೆ ಎಕ್ಸ್‌ಫ್ಯಾಟ್ ಸೇರುವುದನ್ನು ಬೆಂಬಲಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಂದ 5.4 ಕರ್ನಲ್‌ನಲ್ಲಿ ಮೊದಲ ಚಾಲಕ, 2020ರ 5.7ರಲ್ಲಿ ಸ್ಯಾಮ್‌ಸಂಗ್ ಬರೆದ ಹೊಸದು. ಹತ್ತು ವರ್ಷ ಕಾದದ್ದು ಒಂದು ವರ್ಷದೊಳಗೆ ಮುಗಿಯಿತು. ಇಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ 128 ಜಿಬಿ ಕಾರ್ಡ್ ತರುವ ವಿದ್ಯಾರ್ಥಿಗೆ ಈ ಗೋಜಲು ಕಾಣುವುದೇ ಇಲ್ಲ.

ಹಾಗೆಂದು ಎಲ್ಲವೂ ತೆರೆದಿಲ್ಲ. ಎಸ್‌ಡಿ ಕಾರ್ಡ್‌ನ ಸರಳೀಕೃತ ಮಾನದಂಡವನ್ನು ಯಾರು ಬೇಕಾದರೂ ಓದಬಹುದು. ಪೂರ್ಣ ಪಾಠಕ್ಕೆ ಮಾತ್ರ ಎಸ್‌ಡಿ ಅಸೋಸಿಯೇಷನ್‌ಗೆ ಹಣ ಕಟ್ಟಿ ಸದಸ್ಯರಾಗಬೇಕು. 128 ಟಿಬಿವರೆಗಿನ ಎಸ್‌ಡಿಯುಸಿ ಕಾರ್ಡ್‌ಗಳ ಕಾಲದಲ್ಲಾದರೂ ಆ ಪೂರ್ಣ ಪಾಠ ಕಾಲೇಜು ಹುಡುಗಿಯೊಬ್ಬಳ ಕೈಗೆ ಪುಕ್ಕಟೆಯಾಗಿ ಸಿಗುವಂತಾಗಬೇಕು.